ಒಂದೇ ಸಲ ಕೇಳುವ ದಾವತ್ತು

ದಾವತ್ತಿನ ಕಾರ್ಡು ಕಂಡರೆ ನನಗೆ ಸಿಟ್ಟು. ಶಹಾಬಾದಿನಲ್ಲಿ ಮದುವೆಯ ದಿನಗಳು ಬಂದವೆಂದರೆ ವಾರಕ್ಕೆ ನಾಲ್ಕು ಬರುತ್ತವೆ. ಎಲ್ಲದರ ಮೇಲೂ ‘ಸಹಕುಟುಂಬ ಸಪರಿವಾರ’ ಎಂದು ಅಚ್ಚು ಹಾಕಿಸಿರುತ್ತಾರೆ. ಕುಟುಂಬವನ್ನು ನಾನು ಎಲ್ಲಿಂದ ತರಲಿ? ಮೂವತ್ತೊಂದು ವರ್ಷ ಸರ್ಕಾರಿ ಶಾಲೆಗಳಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು ನಾನು, ಸರ್ವರಬೇಗಂ. ಮದುವೆಯಾಗಲಿಲ್ಲ. ಅಮ್ಮಿ ತೀರಿಕೊಂಡು ಒಂಬತ್ತು ವರ್ಷವಾಯಿತು. ಫರಸಿ ಕಲ್ಲು ಹಾಸಿದ ಎರಡು ಕೋಣೆ, ಒಂದು ಟಿ.ವಿ., ಪಕ್ಕದ ಮನೆಯವಳ ಜೊತೆ ಹಂಚಿಕೊಳ್ಳಬೇಕಾದ ಅಂಗಳದ ನಲ್ಲಿ. ನನ್ನ ಸಪರಿವಾರ ಇಷ್ಟೇ.

ಪಕ್ಕದ ಮನೆಯವಳ ಹೆಸರು ಲುಂಬಿನಿ. ಚಿಂಚೋಳಿ ತಾಲೂಕಿನ ಕೊಡ್ಲಿಯ ಹುಡುಗಿ, ನರ್ಸು. ಬಾಡಿಗೆಗೆ ಬಂದು ಎಂಟು ತಿಂಗಳಾಗಿದೆ. ಬಂದ ಮೊದಲ ವಾರವೇ ನಲ್ಲಿಯ ಕೆಳಗಿನ ನನ್ನ ಕೊಡ ಸರಿಸಿ ತನ್ನ ನೀಲಿ ಬಕೆಟ್ಟು ಇಟ್ಟಳೆಂದು ನಾನು ಓಣಿಗೆಲ್ಲ ಕೇಳುವಂತೆ ಜಗಳ ತೆಗೆದೆ. ಅವಳು ತನ್ನ ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು. ಅದರಿಂದ ನನ್ನ ಸಿಟ್ಟು ಇನ್ನೂ ಹೆಚ್ಚಿತು. ಅಂದಿನಿಂದ ನಮ್ಮಿಬ್ಬರಿಗೆ ಮಾತಿಲ್ಲ.

ಆ ಭಾನುವಾರ ಬಾಗಿಲ ಸಂದಿಯಿಂದ ಒಳಗೆ ಬಿದ್ದಿದ್ದ ಕಾರ್ಡು ಬೇರೆಯೇ ಥರದ್ದು. ಕೆನೆಯ ಬಣ್ಣ, ಅತ್ತರಿನ ವಾಸನೆ, ಅಂಗೈಗೆ ಭಾರ. ಯಾರ ಮದುವೆ, ಯಾರ ಮಗುವಿನ ತೊಟ್ಟಿಲು, ಏನೂ ಬರೆದಿರಲಿಲ್ಲ. ನನ್ನ ಹೆಸರಿತ್ತು, ಅದರ ಕೆಳಗೆ ‘ಇಂದು ಮಧ್ಯಾಹ್ನ ತಾವೊಬ್ಬರೇ ಬರಬೇಕು’ ಎಂದಿತ್ತು. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಅನುಮಾನ ಪಡುತ್ತಿದ್ದರು. ನನಗೆ ಖುಷಿಯಾಯಿತು. ಒಬ್ಬಳೇ ಇರುವವಳನ್ನು ಒಬ್ಬಳೇ ಎಂದು ತಿಳಿದು ಕರೆದವರು ಇವರೇ ಮೊದಲಿಗರು. ಟ್ರಂಕಿನ ತಳದಿಂದ ಹಸಿರು ರೇಷ್ಮೆ ಸೀರೆ ತೆಗೆದು ಉಟ್ಟೆ.

ಓಣಿಯ ತುದಿಯಲ್ಲಿ ನನಗಾಗಿಯೇ ಒಂದು ಬಿಳಿ ಕಾರು ಕಾಯುತ್ತಿತ್ತು, ಹತ್ತಿ ಕೂತೆ. ಅದು ವಾಡಿ ರಸ್ತೆ ಹಿಡಿದು, ಕಲ್ಲು ತೆಗೆದು ಕೈಬಿಟ್ಟ ಹಳೆಯ ಖಣಿಗಳ ಕಡೆ ಹೊರಳಿತು. ಆ ಖಣಿಗಳನ್ನು ನಾನು ಚಿಕ್ಕಂದಿನಿಂದ ಬಲ್ಲೆ. ಕೆಳಗೆ ಹಸಿರು ನೀರು ನಿಂತಿರುತ್ತದೆ, ಎಮ್ಮೆ ತೊಳೆಯುತ್ತಾರೆ. ಆ ದಿನ ಒಂದು ಖಣಿಯಲ್ಲಿ ನೀರಿರಲಿಲ್ಲ. ಮುಖ ಕಾಣುವಷ್ಟು ಉಜ್ಜಿದ ಫರಸಿಯ ಮೆಟ್ಟಿಲು, ಅದರ ಮೇಲೆ ಕೆಂಪು ಗಾಲೀಚು, ತಳದಲ್ಲಿ ಗಾಜಿನ ಚಾವಣಿಯ ಮಹಲು. ಬಾಗಿಲಲ್ಲಿ ಬಿಳಿ ಶೇರ್ವಾನಿ ತೊಟ್ಟ ಒಬ್ಬ ಮನುಷ್ಯ ತಲೆಬಾಗಿಸಿ ನಿಂತಿದ್ದ. ತನ್ನ ಹೆಸರು ಮತೀನ ಎಂದ.

“ಬರ್ರಿ ಸರ್ವರಬೇಗಂ ಟೀಚರ್. ನಿಮ್ಮ ದಾರೀನೇ ನೋಡ್ಲಿಕತ್ತಿದ್ದೆವು.”

“ಯಾರ ಮನೀ ದಾವತ್ತ್ರಿ ಇದು?” ಎಂದು ಕೇಳಿದೆ.

“ನಿಮ್ಮದೇ ಅನ್ಕೊಳ್ರಿ,” ಎಂದ.

ಒಳಗೆ ತಂಪು. ಗಾಜಿನ ದೀಪಗಳು ಹಗಲಲ್ಲೂ ಉರಿಯುತ್ತಿದ್ದವು. ಕಾರಂಜಿಯಲ್ಲಿ ಗುಲಾಬಿ ನೀರು ಬೀಳುತ್ತಿತ್ತು. ಇನ್ನೂರು ಜನರಾದರೂ ಇದ್ದರು, ಪ್ರತಿಯೊಬ್ಬರೂ ನನ್ನನ್ನು ಹೆಸರು ಹಿಡಿದು ಕರೆದರು. ಮಖಮಲ್ಲಿನ ಕುರ್ಚಿಯಲ್ಲಿ ಕೂತ ಕೂಡಲೇ ಮೊಣಕಾಲ ನೋವು ಹೋಯಿತು. ಮನಸ್ಸಿನಲ್ಲಿ ನೆನೆದದ್ದು ಬೆಳ್ಳಿಯ ತಾಟಿಗೆ ಬರುತ್ತಿತ್ತು. ಅಮ್ಮಿ ಮಾಡುತ್ತಿದ್ದ ಬಗಾರ ಅನ್ನ ನೆನೆದೆ. ಅದೇ ಬಂತು, ಚೂರು ಸೀದ ವಾಸನೆಯ ಸಮೇತ. ತುತ್ತು ಬಾಯಿಗಿಟ್ಟಾಗ ಕಣ್ಣು ತುಂಬಿಕೊಂಡವು. ಪಕ್ಕದಲ್ಲಿದ್ದ ಅಮೀರ್ ಅಲಿ ಎಂಬ ಮುದುಕರು ನನ್ನ ಮಾತಿಗೆಲ್ಲ ನಕ್ಕರು. ನಾನು ಹೇಳಿದ್ದಕ್ಕೆ ಯಾರಾದರೂ ನಕ್ಕು ಎಷ್ಟು ಕಾಲವಾಗಿತ್ತೋ. ಅಲ್ಲೇ ಇದ್ದುಬಿಡಬೇಕೆನಿಸಿತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಆದರೆ ಮೇಷ್ಟರಿಕೆಯ ಕಣ್ಣು ಸುಮ್ಮನೆ ಕೂರುವುದಿಲ್ಲ, ತರಗತಿಗೆ ಹೊಕ್ಕ ಕೂಡಲೇ ಯಾರು ಬಂದಿಲ್ಲ ಎಂದು ಹುಡುಕುತ್ತದೆ. ಇಲ್ಲಿ ಮಕ್ಕಳು ಬಂದಿರಲಿಲ್ಲ. ಇಷ್ಟು ದೊಡ್ಡ ದಾವತ್ತಿನಲ್ಲಿ ಒಂದು ಕೂಸೂ ಅಳುತ್ತಿರಲಿಲ್ಲ. ಗಂಡ-ಹೆಂಡತಿಯಾಗಿ ಕೂತವರು ಒಬ್ಬರೂ ಇರಲಿಲ್ಲ. ‘ಹೊತ್ತಾಯ್ತು, ಹೊರಡೋಣ’ ಎಂದು ಯಾರೂ ಯಾರ ಸೆರಗನ್ನೂ ಜಗ್ಗುತ್ತಿರಲಿಲ್ಲ. ಗಾಜಿನ ಚಾವಣಿಯಿಂದ ಬೀಳುವ ಬಿಸಿಲು ನನ್ನ ತಾಟಿನ ಅಂಚಿನ ಮೇಲಿತ್ತು. ನಾನು ಮೂರು ಸಲ ಉಂಡೆ, ಎರಡು ಸಲ ತೂಕಡಿಸಿದೆ. ಬಿಸಿಲು ತಾಟಿನ ಅಂಚಿನಲ್ಲೇ ಇತ್ತು. ಇಳಿಹೊತ್ತಿನ ಅಸರ್ ನಮಾಜಿನ ಅಜಾನ್ ಕೇಳಲೇ ಇಲ್ಲ.

“ಇದು ಎಷ್ಟೊತ್ತಿಗಿ ಮುಗೀತದ್ರಿ?” ಎಂದು ಅಮೀರ್ ಅಲಿಯವರನ್ನು ಕೇಳಿದೆ.

“ಇನ್ನಾ ಬರೋರದಾರ,” ಎಂದು ಅವರು ತಮ್ಮ ತಾಟಿನ ಕಡೆ ತಿರುಗಿದರು. ಅಲ್ಲಿಂದ ಮುಂದೆ ಅವರಿಗೆ ನಗು ಬರಲಿಲ್ಲ.

ಎದ್ದು ಚಪ್ಪಲಿ ಹುಡುಕಿಕೊಂಡು ಹೋದೆ. ನಮ್ಮ ಕಡೆಯ ದಾವತ್ತುಗಳಲ್ಲಿ ಬಾಗಿಲ ಮುಂದೆ ಚಪ್ಪಲಿಯ ಗುಡ್ಡೆಯಿರುತ್ತದೆ. ಹೊರಡುವಾಗ ನನ್ನದು ಯಾವುದು ನಿನ್ನದು ಯಾವುದು ಎಂದು ಅರ್ಧ ಗಂಟೆಯ ಗದ್ದಲ. ಇಲ್ಲಿ ಒಬ್ಬೊಬ್ಬರ ಜೋಡಿಗೂ ಗೋಡೆಯಲ್ಲಿ ಒಂದೊಂದು ಗೂಡು. ನನ್ನದು ಎದುರಿಗೇ ಇತ್ತು. ಉಳಿದ ಬಹಳಷ್ಟು ಜೋಡಿಗಳ ಮೇಲೆ ಕಲ್ಲಿನ ಧೂಳು ಬೆರಳಷ್ಟು ದಪ್ಪ ಕೂತಿತ್ತು. ಕೆಳಗಿನ ಸಾಲಿನ ಒಂದು ಜೋಡಿ ಕಂಡು ನಿಂತುಬಿಟ್ಟೆ. ಎಡಗಾಲಿನ ಕಂದು ಪಟ್ಟಿಗೆ ಹಸಿರು ದಾರದ ಹೊಲಿಗೆ. ಆ ಹೊಲಿಗೆ ಹಾಕಿದ್ದು ನಾನೇ, ಚಿತ್ತಾಪುರದ ಶಾಲೆಯ ಸ್ಟಾಫ್ ರೂಮಿನಲ್ಲಿ, ನಕ್ಷೆ ಹೊಲಿಯುವ ದಬ್ಬಣದಿಂದ.

ಅದು ಅನಸುಬಾಯಿಯ ಚಪ್ಪಲಿ. ಹದಿನಾಲ್ಕು ವರ್ಷ ಅವಳೂ ನಾನೂ ಒಂದೇ ಬೆಂಚಿನಲ್ಲಿ ಡಬ್ಬಿ ಬಿಚ್ಚಿದವರು. ನನ್ನ ರೊಟ್ಟಿ ಅವಳಿಗೆ, ಅವಳ ಪುಂಡಿಪಲ್ಯ ನನಗೆ. ಎರಡು ವರ್ಷದ ಹಿಂದೆ ಅವಳ ಗಂಡ ಚಂದ್ರಾಮ ತೀರಿಕೊಂಡಾಗ ಚಿತ್ತಾಪುರಕ್ಕೆ ಮಾತಾಡಿಸಲು ಹೋಗಿದ್ದೆ. ಮಕ್ಕಳಿಲ್ಲದ ಮನೆ. ಹೊರಡುವಾಗ “ನಮ್ಮ ಮನಿಗಿ ಬಂದು ನಾಕು ದಿನ ಇರ್ರಿ” ಎಂದಿದ್ದೆ. “ಬ್ಯಾಡ್ರಿ ಟೀಚರ್, ಯಾಕ ತ್ರಾಸ,” ಎಂದಿದ್ದಳು. ನಾನು ಮತ್ತೆ ಕೇಳಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು. ಅವಳು ಬೇಡವೆಂದದ್ದಕ್ಕೆ ಒಳಗೊಳಗೆ ನಿರಾಳವೂ ಆಗಿತ್ತು. ಆಮೇಲೆ ಅವಳ ಫೋನು ಹತ್ತಲಿಲ್ಲ. ತಮ್ಮನ ಊರಿಗೆ ಹೋದಳಂತೆ ಎಂದು ಯಾರೋ ಅಂದರು. ನಂಬಿದರೆ ಸುಲಭವಾಗುತ್ತಿತ್ತು, ನಂಬಿದೆ.

ಅವಳು ಕಾರಂಜಿಯ ಆಚೆ, ಕಂಬಕ್ಕೆ ಒರಗಿ ಕೂತಿದ್ದಳು. ಒಂದು ಕೂದಲೂ ಹೆಚ್ಚು ನರೆತಿರಲಿಲ್ಲ.

“ಬಂದ್ರೇನು,” ಎಂದಳು. ಖುಷಿಯೋ ಬೇಸರವೋ ತಿಳಿಯಲಿಲ್ಲ.

“ಎಷ್ಟು ದಿನಾ ಆಯ್ತ್ರಿ ನೀವು ಬಂದು?”

“ಇಲ್ಲಿ ದಿನಾ ಎಲ್ಲಿ ಅದ್ರಿ? ಮಧ್ಯಾಹ್ನ ಒಂದೇ ಅದ.”

“ಏಳ್ರಿ, ಮನಿಗಿ ಹೋಗಮು.”

ಅವಳು ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಕೈ ತಣ್ಣಗಿತ್ತು.

“ನಾನೂ ಎದ್ದಿದ್ದೆ ಟೀಚರ್. ಬಾಗಲದಾಗ ಮತೀನ ಡಬ್ಬಿ ಹಿಡ್ಕೊಂಡು ನಿಂತಿದ್ದ. ‘ಮನ್ಯಾಗ ಯಾರಿಗರ ಹಿಸ್ಸಾ ಕಟ್ಟಲೇನ್ರಿ?’ ಅಂದ. ನಾ ಏನಂದಿರಬೇಕು, ನೀವೇ ಹೇಳ್ರಿ.”

ಹೇಳಬೇಕಾಗಿರಲಿಲ್ಲ. ದಾವತ್ತು ಉಂಡು ಹೊರಡುವವರ ಕೈಗೆ ಮನೆಯಲ್ಲಿ ಉಳಿದವರ ಪಾಲು ಕಟ್ಟಿಕೊಡುವುದು ನಮ್ಮ ಕಡೆಯ ರೂಢಿ. ಅದೇ ಹಿಸ್ಸಾ. ಅದನ್ನು ಮೊದಲ ಸಲಕ್ಕೇ ತೆಗೆದುಕೊಂಡರೆ ಆಸೆಬುರುಕರು ಎನ್ನುತ್ತಾರೆ. ಮನೆಯಲ್ಲಿ ಹತ್ತು ಜನ ಇದ್ದರೂ ‘ಬ್ಯಾಡ್ರಿ, ಮನ್ಯಾಗ ತಿನ್ನೋರು ಯಾರದಾರ’ ಅನ್ನಬೇಕು. ಕೊಡುವವರು ಒತ್ತಾಯಿಸಬೇಕು, ಇವರು ಮತ್ತೆ ಬೇಡವೆನ್ನಬೇಕು, ಮೂರನೆಯ ಸಲಕ್ಕೆ ಡಬ್ಬಿ ಕೈಗೆ ಬರುತ್ತದೆ. ಮರ್ಯಾದಸ್ಥರ ನಾಲಗೆಗೆ ಇದು ತಾನಾಗಿಯೇ ಬರುತ್ತದೆ.

“ಯಾರೂ ಇಲ್ರಿ ಅಂದೆ,” ಎಂದಳು ಅನಸುಬಾಯಿ. “ಇನ್ನೊಂದು ಸಲ ಕೇಳ್ತಾನ ಅನ್ಕೊಂಡು ನಿಂತೆ. ಇವರು ಒಂದೇ ಸಲ ಕೇಳ್ತಾರ. ‘ಯಾರೂ ಇಲ್ಲಂದಮ್ಯಾಲ ಯಾಕ ಹೋಗ್ತೀರಿ, ಕುಂದ್ರಿ’ ಅಂದ. ಹಿಂದಕ ಬಂದು ಕುಂತೆ.”

“ನನ್ನ ಹೆಸರು ಹೇಳಬೇಕಿಲ್ಲೇನು?”

“ಬಾಯಿಗಿ ಬಂದಿತ್ರಿ. ನಾಚಿಕಿ ಆಯ್ತು. ನೀವೂ ಅವತ್ತ ಒಂದೇ ಸಲ ಕೇಳಿದ್ರಿ.”

ಅವಳು ಇದನ್ನು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ತಡೆದುಕೊಳ್ಳಲು ಆಗುತ್ತಿತ್ತು. ಕಾರಂಜಿಯ ನೀರು ಬೀಳುತ್ತಲೇ ಇತ್ತು. ನಾನು ಅವಳ ಎರಡೂ ಕೈ ಹಿಡಿದುಕೊಂಡು “ನಡೀರಿ ಅನಸುಬಾಯಿ, ನಮ್ಮ ಮನ್ಯಾಗ ಇರ್ರಿ” ಎಂದೆ. ಬೇಡವೆಂದಳು. ಮತ್ತೆ ಕೇಳಿದೆ. ಬೇಡವೆಂದಳು. ಮೂರನೆಯ ಸಲ ನಾನು ಅಳುತ್ತ ಕೇಳಿದೆ.

“ಚಿತ್ತಾಪುರದಾಗ ಎರಡನೇ ಸಲ ಕೇಳಿದ್ರ ಬರ್ತಿದ್ದೆ,” ಎಂದಳು. “ಈಗ ಎದ್ದರೂ ಆ ಬಾಗಲ ನನಗ ಕಾಣಂಗಿಲ್ರಿ. ನೀವು ಹೋಗ್ರಿ. ಅವ ಕೇಳಿದಾಗ ಒಂದು ಹೆಸರು ಹೇಳ್ರಿ. ನಿಮ್ಮ ದಾರಿ ನೋಡೋರ ಹೆಸರು. ಮರ್ಯಾದಿ ಮಾಡಬ್ಯಾಡ್ರಿ.”

ಚಪ್ಪಲಿ ಮೆಟ್ಟಿಕೊಂಡು ಬಾಗಿಲಿಗೆ ಬಂದೆ. ಮತೀನ ಜರಿ ಬಟ್ಟೆ ಸುತ್ತಿದ ಡಬ್ಬಿ ಹಿಡಿದು ನಿಂತಿದ್ದ.

“ಮನ್ಯಾಗ ಯಾರಿಗರ ಹಿಸ್ಸಾ ಕಟ್ಟಲೇನ್ರಿ ಟೀಚರ್?”

ಇಷ್ಟೆಲ್ಲ ಗೊತ್ತಿದ್ದೂ ‘ಬ್ಯಾಡ್ರಿ’ ಎಂಬ ಮಾತು ತುಟಿಯವರೆಗೆ ಬಂದಿತ್ತು. ಐವತ್ತು ವರ್ಷದ ರೂಢಿ. ನಾಲಗೆ ಕಚ್ಚಿ ಹಿಡಿದೆ. ಆಮೇಲೆ ಹೆಸರು ಹುಡುಕಿದೆ. ಅಮ್ಮಿ ಇಲ್ಲ. ಅನಸುಬಾಯಿ ನನ್ನ ಬೆನ್ನ ಹಿಂದೆಯೇ ಇದ್ದಳು. ಮೂವತ್ತೊಂದು ವರ್ಷ ಹಾಜರಿ ಕರೆದವಳಿಗೆ ಕರೆಯಲು ಒಂದು ಹೆಸರು ಸಿಗಲಿಲ್ಲ. ಸತ್ತರೆ ಹೀಗೇ ಇರುತ್ತದೇನೋ ಎನಿಸಿತು. ಆಗ ಏನು ನೆನಪಾಯಿತು ಎಂದರೆ ನಲ್ಲಿಯ ಕೆಳಗಿನ ಆ ನೀಲಿ ಬಕೆಟ್ಟು.

“ಲುಂಬಿನಿ,” ಎಂದೆ. “ಪಕ್ಕದ ಮನಿ ಹುಡುಗಿ. ಆಕಿಗಿ ಕಟ್ರಿ.”

ಮತೀನನ ಮುಖದ ನಗು ಹಾಗೇ ಇತ್ತು, ಕಣ್ಣು ಮಾತ್ರ ಸಣ್ಣವಾದವು. “ಆಕಿ ನಿಮ್ಮ ದಾರಿ ನೋಡ್ಲಿಕತ್ತಾಳೇನು?”

“ಹೌದು,” ಎಂದು ಸುಳ್ಳು ಹೇಳಿದೆ. ಅವನು ಡಬ್ಬಿ ಕೊಟ್ಟ.

ಕೊನೆಯ ಮೆಟ್ಟಿಲು ಹತ್ತಿ ತಿರುಗಿ ನೋಡಿದೆ. ಖಣಿಯ ತುಂಬ ಹಸಿರು ನೀರು. ಅಂಚಿನಲ್ಲಿ ಒಂದು ಎಮ್ಮೆ ಮಲಗಿತ್ತು. ಅಜಾನ್ ಕೇಳಿಸಿತು. “ಅನಸುಬಾಯಿ” ಎಂದು ಗಂಟಲು ಹರಿಯುವಂತೆ ಕೂಗಿದೆ. ಎಮ್ಮೆ ಮಾತ್ರ ಕಿವಿ ಅಲ್ಲಾಡಿಸಿತು. ಡಬ್ಬಿ ಬಿಚ್ಚಿದರೆ ಒಳಗೆ ಬರೀ ಫರಸಿಯ ಪುಡಿ. ಅದನ್ನು ನೀರಿಗೆ ಸುರಿದು, ರಸ್ತೆಗೆ ನಡೆದು, ಆಟೋ ಹಿಡಿದು ಮನೆಗೆ ಬಂದೆ.

ಬಾಗಿಲ ಮುಂದೆ ನನ್ನ ಎರಡೂ ಕೊಡ ಇದ್ದವು. ಹೋಗುವಾಗ ಅವನ್ನು ಬರಿದಾಗಿ ನಲ್ಲಿಯ ಹತ್ತಿರ ಬಿಟ್ಟು ಹೋಗಿದ್ದೆ. ಈಗ ಕಂಠದವರೆಗೆ ನೀರು ತುಂಬಿ, ಮೇಲೆ ತಾಟು ಮುಚ್ಚಿತ್ತು. ತಾಟು ನನ್ನದಲ್ಲ. ಬಾಗಿಲ ಸಂದಿಯಲ್ಲಿ ಒಂದು ಚೀಟಿ: ‘ಟೀಚರ್, ಭಾನುವಾರದಿಂದ ನಿಮ್ಮ ಬಾಗಿಲಿಗೆ ಕೀಲಿ ಇದೆ. ಇವತ್ತು ಬುಧವಾರ. ನಲ್ಲಿ ಇನ್ನು ನಾಲ್ಕು ದಿನ ಬರುವುದಿಲ್ಲವಂತೆ, ಅದಕ್ಕೆ ತುಂಬಿಟ್ಟಿದ್ದೇನೆ. ಬಂದ ಕೂಡಲೇ ತಿಳಿಸಿರಿ. ಚಿಂತೆಯಾಗಿದೆ. ಲುಂಬಿನಿ.’

ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತೆ. ನಾನು ಮತೀನನಿಗೆ ಹೇಳಿದ್ದು ಸುಳ್ಳಾಗಿರಲಿಲ್ಲ.

ಲುಂಬಿನಿಗೆ ಹಿಸ್ಸಾ ಎಂದು ಮತೀನನಿಗೆ ಹೇಳಿ ಬಂದಾಗಿತ್ತು. ಆ ನೀರಿನಲ್ಲೇ ಅಕ್ಕಿ ತೊಳೆದು ಬಗಾರ ಅನ್ನ ಮಾಡಿದೆ, ದಾಲ್ಚಾ ಮಾಡಿದೆ. ಅವಸರಕ್ಕೆ ತಳ ಸ್ವಲ್ಪ ಸೀದಿತು. ಡಬ್ಬಿಗೆ ತುಂಬಿ, ಅವಳ ತಾಟಿನಲ್ಲಿಟ್ಟುಕೊಂಡು ಹೋಗಿ ಬಾಗಿಲು ಬಡಿದೆ. ಲುಂಬಿನಿ ತೆರೆದಳು. ಡ್ಯೂಟಿಯಿಂದ ಆಗಷ್ಟೇ ಬಂದಿದ್ದಳೇನೋ, ಕಣ್ಣು ಕೆಂಪಾಗಿದ್ದವು. ಒಳಗೆ ಒಂದು ಚಾಪೆ, ಗೋಡೆಗೆ ಬುದ್ಧನ ಒಂದು ಪಟ, ಒಲೆಯ ಮೇಲೆ ಒಬ್ಬರಿಗಾಗುವಷ್ಟು ಸಣ್ಣ ಬೋಗಣಿ. ಚಾಪೆಯ ಪಕ್ಕದಲ್ಲಿ ಕೆನೆಯ ಬಣ್ಣದ ಒಂದು ಕಾರ್ಡು ಬಿದ್ದಿತ್ತು. ಅದರ ಅತ್ತರಿನ ವಾಸನೆ ಬಾಗಿಲವರೆಗೂ ಬರುತ್ತಿತ್ತು.

“ನಿನಗ ಹಿಸ್ಸಾ ತಂದೀನಿ,” ಎಂದೆ.

ಅವಳು ಡಬ್ಬಿಯನ್ನೂ ನನ್ನ ಮುಖವನ್ನೂ ನೋಡಿ, ಸಂಕೋಚದಿಂದ ಸೆರಗು ಸರಿಪಡಿಸಿಕೊಂಡಳು. “ಬ್ಯಾಡ್ರಿ ಟೀಚರ್. ಯಾಕ ತ್ರಾಸ.”

“ತಗೋ,” ಎಂದೆ.

“ನಾ ಒಬ್ಬಾಕೀನೇ ಇದ್ದೀನಿ, ಎಷ್ಟು ಉಣ್ಣಲ್ರಿ. ಬ್ಯಾಡ್ರಿ.”

ನಾನು ಹೊಸ್ತಿಲು ಬಿಟ್ಟು ಕದಲಲಿಲ್ಲ. ಡಬ್ಬಿ ಬಿಸಿಯಿತ್ತು, ಅಂಗೈ ಸುಡುತ್ತಿತ್ತು. ಅವಳು ತೆಗೆದುಕೊಳ್ಳುವವರೆಗೆ ಹತ್ತು ಸಲವಾದರೂ ಕೇಳಲು ನಾನು ತಯಾರಿದ್ದೆ.

“ತಗೋ ಲುಂಬಿನಿ,” ಎಂದು ಮೂರನೆಯ ಸಲ ಕೇಳಿದೆ.