ಜಾಲಿಮುಳ್ಳಿನ ಗಿಟಾರು

ಲಡಾಯಿ ಶುರುವಾದ ಮೇಲೆ ಪೆಟ್ರೋಲು ಸಿಗದೆ ಮಾನವಿಯ ಬಸ್ಸಿನ ಹಿಂದೆ ಇದ್ದಿಲ ಒಲೆ ಕಟ್ಟಿದ್ದರು. ಏರು ಬಂದರೆ ಬಸ್ಸು ನಿಲ್ಲುತ್ತಿತ್ತು, ಜನ ಇಳಿದು ದೂಡುತ್ತಿದ್ದರು. ಇಂಥ ಬಸ್ಸಿನಲ್ಲಿ ಅಮಾವಾಸ್ಯೆ ತಪ್ಪದೆ ರಾಯಚೂರಿನಿಂದ ಮಾನವಿಗೆ ಹೋಗುತ್ತಿದ್ದ ವಕೀಲ ವಾದಿರಾಜನಿಗೆ ಅಲ್ಲೊಂದು ಎರಡನೇ ಸಂಸಾರವಿದೆ ಎಂದು ಕೋರ್ಟಿನ ಜನ ಆಡಿಕೊಂಡರು. ಸಂಸಾರವೇನೋ ಇತ್ತು. ಅದರಲ್ಲಿ ಇದ್ದದ್ದು ಒಂದು ಗ್ರಾಮಫೋನು, ಒಂದು ಕರಿಯ ರಿಕಾರ್ಡು, ಮತ್ತೆ ಅಕ್ಕಿ ಗಿರಣಿಯ ವಿರೂಪಣ್ಣ.

ರಿಕಾರ್ಡು ವಾದಿರಾಜನದು. ರೈಲ್ವೆಯ ಬಿಳಿಯ ಸಾಹೇಬನೊಬ್ಬ ರಾಯಚೂರು ಬಿಟ್ಟು ಹೋಗುವಾಗ ಮನೆಯ ಸಾಮಾನು ಮಾರುತ್ತಿದ್ದ. ಕುರ್ಚಿ ನೋಡೋಣವೆಂದು ಹೋದ ವಾದಿರಾಜನಿಗೆ ಒಳಗಿನಿಂದ ಯಾರೋ ವೀಣೆ ನುಡಿಸಿದಂತೆ ಕೇಳಿಸಿತು. ನಿಂತು ಕೇಳಿದ. ವೀಣೆಯಲ್ಲ. ಒಬ್ಬನೇ ಮನುಷ್ಯ, ಒಂದೇ ವಾದ್ಯ, ಆದರೆ ಹೆಬ್ಬೆರಳು ಮಂದ್ರದ ತಂತಿಗಳಲ್ಲಿ ಮನೆಯ ಹಿರಿಯನಂತೆ ನಿಧಾನವಾಗಿ ಹೆಜ್ಜೆ ಹಾಕುತ್ತಿದ್ದರೆ ಉಳಿದ ಬೆರಳುಗಳು ಮೊಮ್ಮಕ್ಕಳಂತೆ ಅದರ ಸುತ್ತ ಓಡಾಡುತ್ತಿದ್ದವು. ಇದು ಗಿಟಾರು, ನುಡಿಸುವವನು ಸ್ಪೇನ್ ದೇಶದ ದೊಡ್ಡ ಉಸ್ತಾದ ಎಂದು ಸಾಹೇಬ ಹೇಳಿದ. ಉಕ್ಕಿನ ಸೂಜಿ ಹಾಕಿದರೆ ಇದರ ಮೆತ್ತನೆಯ ಗೆರೆಗಳು ಸವೆದುಹೋಗುತ್ತವೆ, ಒಳ್ಳೆಯ ಮುಳ್ಳನ್ನು ಕೆತ್ತಿ ಹಾಕು ಎಂದೂ ಹೇಳಿಕೊಟ್ಟ. ವಾದಿರಾಜ ಕುರ್ಚಿಯನ್ನು ಮರೆತು ರಿಕಾರ್ಡು ಹಿಡಿದುಕೊಂಡು ಮನೆಗೆ ಬಂದ.

ಮನೆಯಲ್ಲಿ ಗ್ರಾಮಫೋನು ಇರಲಿಲ್ಲ. ಮಡಿಯ ಮನೆಗೆ ಆ ಹಾಡುವ ಪೆಟ್ಟಿಗೆ ಬರಕೂಡದೆಂದು ತಾಯಿ ವೆಂಕೂಬಾಯಿ ಖಂಡತುಂಡವಾಗಿ ಹೇಳಿದ್ದರು. ಅತ್ತ ಮಾನವಿಯಲ್ಲಿ, ಹೊಲದ ಬದುವಿನ ದಾವೆಯನ್ನು ವಾದಿರಾಜನಿಂದ ಗೆದ್ದುಕೊಂಡ ವಿರೂಪಣ್ಣನ ಹತ್ತಿರ ದೊಡ್ಡ ಹಿತ್ತಾಳೆ ಸೊಂಡಿಲಿನ ಗ್ರಾಮಫೋನಿತ್ತು, ಕೇಳುವಂಥ ರಿಕಾರ್ಡು ಇರಲಿಲ್ಲ. ಕಡಲೆ ಇದ್ದವನಿಗೆ ಹಲ್ಲಿಲ್ಲ, ಹಲ್ಲಿದ್ದವನಿಗೆ ಕಡಲೆಯಿಲ್ಲ ಎನ್ನುತ್ತಾರಲ್ಲ, ಇಲ್ಲಿ ಇಬ್ಬರೂ ಕೂಡಿ ಊಟಕ್ಕೆ ಕುಳಿತರು. ಬೇರೆ ದಿನ ಗಿರಣಿಯ ಸದ್ದಿಗೆ ಗೋಡೆಯೇ ನಡುಗುತ್ತಿತ್ತು. ಅಮಾವಾಸ್ಯೆಗೆ ಗಿರಣಿಗೆ ಬಿಡುವು, ಆದ್ದರಿಂದ ಅಂದೇ ಕೇಳುವುದು. ರಿಕಾರ್ಡು ಮಾನವಿಯಲ್ಲೇ ಒಂದು ಪೆಟ್ಟಿಗೆಯಲ್ಲಿ ಇರುವುದು. ಮುಳ್ಳಿನಿಂದಲೇ ಕೇಳುವುದು. ಒಬ್ಬನನ್ನು ಬಿಟ್ಟು ಒಬ್ಬ ಕೇಳಕೂಡದು. ಇಷ್ಟು ಕರಾರು.

ಮುಳ್ಳಿನ ಜವಾಬ್ದಾರಿ ವಿರೂಪಣ್ಣನದು. ದೇವದುರ್ಗದ ಕಡೆಯ ಮಸರಕಲ್ಲು ಅವನ ಹೆಂಡತಿ ಗುರುಶಾಂತಮ್ಮನ ತವರು. ಅಲ್ಲಿಯ ಕರಿಜಾಲಿಯ ಮುಳ್ಳು ಗಟ್ಟಿ ಎಂದು ಅಲ್ಲಿಂದಲೇ ತರಿಸಿ, ಒಣಗಿಸಿ, ಚಾಕುವಿನಿಂದ ಕೆತ್ತಿ ಡಬ್ಬಿಯಲ್ಲಿಡುತ್ತಿದ್ದ. ಆ ಸ್ಪೇನಿನವನ ಹೆಸರು ಇಬ್ಬರ ನಾಲಿಗೆಗೂ ಹೊರಳದ್ದಕ್ಕೆ ಅವನಿಗೆ ಗಿಟಾರಪ್ಪ ಎಂದು ನಾಮಕರಣ ಮಾಡಿದವನೂ ಅವನೇ.

ಕೇಳುವುದರಲ್ಲೂ ವಿರೂಪಣ್ಣ ಸಾಮಾನ್ಯನಲ್ಲ. ಕೊನೆಗೆ ಬರುವ ಒಂದು ಇಳಿಜಾರಿನಲ್ಲಿ ನಾದವೆಲ್ಲ ಮೆಟ್ಟಿಲಿಳಿದು ನಿಲ್ಲುತ್ತದೆ. ಅಲ್ಲಿ ಬೆರಳು ತಂತಿಯ ಮೇಲೆ ಜಾರಿದ ಕಿರ್ರೆನ್ನುವ ಸಣ್ಣ ಸದ್ದು. ಆಮೇಲೆ ಆಳದಿಂದ ಒಂದೇ ಒಂದು ಸ್ವರ. ಆ ಕಿರ್ರನ್ನು ವಾದಿರಾಜ ತಪ್ಪೆಂದು ತಿಳಿದಿದ್ದ. ಮೊದಲ ವರ್ಷವೇ ವಿರೂಪಣ್ಣ ಅದನ್ನು ತಿದ್ದಿದ.

"ತಪ್ಪಲ್ರಿ ರಾಯರ, ಅಲ್ಲೊಬ್ಬ ಮನಷ್ಯಾ ಕುಂತಾನ ಅನ್ನೂ ಗುರ್ತು ಅದು."

ಆ ಒಂದು ಮಾತಿಗೆ ವಾದಿರಾಜ ಅವನಿಗೆ ಸೋತುಹೋದ. ತಾಯಿಗೆ ತಿಳಿಯದಂತೆ ಆ ಮನೆಯಲ್ಲಿ ಚಹಾ ಕುಡಿಯತೊಡಗಿದ್ದೂ ಆಗಿನಿಂದಲೇ. ಇಡೀ ರಾಯಚೂರಿನಲ್ಲಿ ಈ ಸಂಗೀತವನ್ನು ತನ್ನ ಜೊತೆ ಕೇಳುವ ಜೀವ ಇನ್ನೊಂದಿರಲಿಲ್ಲ. ಹೆಂಡತಿ ನಗುತ್ತಿದ್ದಳು, ಗೆಳೆಯರು ಆಕಳಿಸುತ್ತಿದ್ದರು. ಚೆಲುವಾದದ್ದನ್ನು ಒಬ್ಬನೇ ಕೇಳುವುದು ಒಂದು ಬಗೆಯ ಶಿಕ್ಷೆ. ಆ ಶಿಕ್ಷೆ ಮಾನವಿಯಲ್ಲಿ ಮುಗಿಯುತ್ತಿತ್ತು. ಹೋದ ದೀಪಾವಳಿಯ ಅಮಾವಾಸ್ಯೆಗೆ, ಆ ಕೊನೆಯ ಸ್ವರದ ಹಿಂದೆ ಇನ್ನೊಂದು ಸ್ವರ ಎಳೆಯಷ್ಟು ಸಣ್ಣಗೆ ಉಳಿದುಕೊಳ್ಳುವುದನ್ನು ವಾದಿರಾಜ ಮೊದಲ ಬಾರಿ ಕಂಡುಹಿಡಿದು ಹೇಳಿದಾಗ ವಿರೂಪಣ್ಣ ಕಣ್ಣಲ್ಲಿ ನೀರು ತಂದುಕೊಂಡು, ಹೌದು, ನನಗೂ ಈಗ ಕೇಳಿಸಿತು ಎಂದಿದ್ದ. ಆ ದಿನ ವಾದಿರಾಜ ಬಸ್ಸು ದೂಡುವಾಗಲೂ ನಗುತ್ತಿದ್ದ.

ಎಳ್ಳಮಾವಾಸ್ಯೆ ಬಂತು. ವಿರೂಪಣ್ಣ ಎಂದಿನಂತೆ ಸೊಂಡಿಲಿನ ಎದುರು ಗಾದಿಯ ಮೇಲೆ ಗೋಡೆಗೆ ಒರಗಿ ಕುಳಿತ. ನಾದ ನೇರ ಬಂದು ಬಡಿಯುವ ಜಾಗ ಅದು ಎಂದು ಎರಡು ವರ್ಷದಿಂದ ಅಲ್ಲಿಯೇ ಕೂಡುತ್ತಿದ್ದ. ಅಲ್ಲಿಂದ ಸೊಂಡಿಲಿನ ಅಗಲ ಬಾಯಿ ರಿಕಾರ್ಡನ್ನು ಮರೆಮಾಡುತ್ತಿತ್ತು, ಅದರ ಮೇಲೆ ವಾದಿರಾಜನ ಮುಖ ಮಾತ್ರ ಕಾಣುತ್ತಿತ್ತು. ವಾದಿರಾಜ ಕೀ ಕೊಟ್ಟು, ಡಬ್ಬಿಯಿಂದ ಮುಳ್ಳು ಆರಿಸಿ, ರಿಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದ. ಕಾಡಿಗೆಯಂತೆ ಹೊಳೆಯುತ್ತಿದ್ದ ಗೆರೆಗಳು ಬೂದಿ ಬಣ್ಣಕ್ಕೆ ತಿರುಗಿದ್ದವು. ಆ ಇಳಿಜಾರಿನ ಜಾಗದಲ್ಲಂತೂ ಉಜ್ಜಿ ಉಜ್ಜಿ ಬೆಳ್ಳಗಾಗಿತ್ತು. ಮುಳ್ಳು ಹೀಗೆ ಮಾಡುವುದಿಲ್ಲ. ಇದು ಉಕ್ಕಿನ ಕೆಲಸ, ಅದೂ ಒಂದು ದಿನದ್ದಲ್ಲ.

ಅವನು ರಿಕಾರ್ಡನ್ನು ವಿರೂಪಣ್ಣನ ಮುಖಕ್ಕೆ ಹಿಡಿದು, ಸೂಜಿ ಹಾಕಿದವರು ಯಾರೆಂದು ಕೋರ್ಟಿನಲ್ಲಿ ಕೂಗುವಂತೆ ಕೂಗಿದ.

ವಿರೂಪಣ್ಣನ ಮುಖ ಒಂದು ಗಳಿಗೆ ಬಿಳಿಚಿತು. "ನಿಮ್ಮಾಣಿ ರಾಯರ, ನಾ ಒಬ್ಬಾಂವ ಎಂದೂ ಹಚ್ಚಿಲ್ಲ," ಎಂದ. ಹುಡುಗರು ಮುಟ್ಟಿರಬೇಕು ಎಂದು ಗೊಣಗಿದ.

ಸಾಕ್ಷಿಗಳ ಸುಳ್ಳನ್ನು ಮುಖ ನೋಡಿಯೇ ಹಿಡಿಯುವವನೆಂದು ವಾದಿರಾಜನಿಗೆ ಹೆಸರಿತ್ತು. ಇದು ಸುಳ್ಳೆಂದು ಅವನಿಗೆ ತಕ್ಷಣ ತಿಳಿಯಿತು. ಆದರೂ ತಿಳಿಯದವನಂತೆ ಯಂತ್ರದ ಹತ್ತಿರ ಹೋಗಿ ಕುಳಿತ. ಗೆಳೆತನ ದೊಡ್ಡದು, ರಿಕಾರ್ಡು ಸವೆದರೆ ಸವೆಯಲಿ, ಹೇಗೂ ಅದನ್ನು ಕೇಳುವ ಕಿವಿ ಎರಡು ಜೊತೆ ಉಳಿದಿವೆಯಲ್ಲ ಎಂದು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡ.

ರಿಕಾರ್ಡು ತಿರುಗತೊಡಗಿತು. ಮುಳ್ಳನ್ನು ಅದರ ಮೇಲೆ ಇಳಿಸಲು ಅವನಿಗೆ ಕೈಯೇ ಬರಲಿಲ್ಲ. ಆ ಗಾಯದ ಮೇಲೆ ಮತ್ತೆ ಗೀರಿದಂತಾಗುತ್ತಿತ್ತು. ಮುಳ್ಳು ಹಿಡಿದ ಗ್ರಾಮಫೋನಿನ ತೋಳನ್ನು ಅದರ ಜಾಗದಲ್ಲಿಯೇ ಬಿಟ್ಟು ಕಣ್ಣು ಮುಚ್ಚಿಕೊಂಡ. ಕೇಳಿ ಕೇಳಿ ಬಾಯಿಪಾಠವಾಗಿದ್ದ ಗಿಟಾರಪ್ಪ ತಲೆಯೊಳಗೇ ನುಡಿಸತೊಡಗಿದ. ಹೆಬ್ಬೆರಳು ನಡೆಯಿತು, ಬೆರಳುಗಳು ಓಡಾಡಿದವು. ವಾದಿರಾಜನ ತಲೆ ತಾನಾಗಿ ತೂಗಿತು, ಕೈ ತೊಡೆಯ ಮೇಲೆ ತಾಳ ಹಾಕಿತು. ನಾದ ಮೆಟ್ಟಿಲಿಳಿದು ಬಂದು ನಿಂತಿತು. ಅವನ ಕೈಯೂ ನಿಂತಿತು.

"ವಾಹ್," ಎಂದ ವಿರೂಪಣ್ಣ ಮೆಲ್ಲಗೆ. "ಎಷ್ಟ ಹಗರಕ ಇಳದಾ ನೋಡ್ರಿ. ಸವೆದ್ರೂ ಇವತ್ತ ಭಾಳ ಚಲೋ ಕೇಳ್ತು."

ವಾದಿರಾಜ ಕಣ್ಣು ತೆರೆದ. ಪಕ್ಕದಲ್ಲಿ ರಿಕಾರ್ಡು ತನ್ನ ಪಾಡಿಗೆ ತಾನು ಸುಮ್ಮನೆ ತಿರುಗುತ್ತಿತ್ತು. ಎದುರಿಗೆ ವಿರೂಪಣ್ಣ ತಲೆ ತೂಗುತ್ತ, ಕಣ್ಣು ಮಿಟುಕಿಸದೆ ವಾದಿರಾಜನ ಮುಖವನ್ನೇ ನೋಡುತ್ತಿದ್ದ.

"ನಿಮಗ ಕೇಳಸಂಗಿಲ್ಲೇನು, ವಿರೂಪಣ್ಣ?" ಎಂದು ವಾದಿರಾಜ ಸಣ್ಣ ದನಿಯಲ್ಲಿ ಕೇಳಿದ.

"ಹೌದ್ಹೌದು," ಎಂದು ವಿರೂಪಣ್ಣ ಸಂತೋಷದಿಂದ ನಕ್ಕ. ಬಸ್ಸು ಬಂತೇನೋ ನೋಡುತ್ತೇನೆ ಎಂದು ಎದ್ದು ಹೊರಗೆ ಹೋದ.

ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದ ಗುರುಶಾಂತಮ್ಮ ತಿರುಗುವ ರಿಕಾರ್ಡನ್ನೂ ಎತ್ತಿಟ್ಟ ತೋಳನ್ನೂ ನೋಡಿದಳು. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ.

"ಗಿರಣಿ ಸಪ್ಪಳಕ್ಕ ಕಿವಿ ಹೋಗಿ ಎರಡ ವರ್ಷ ಆತ್ರಿ," ಎಂದಳು. "ಮುಳ್ಳಿಂದು ಏನೂ ಕೇಳಂಗಿಲ್ಲ. ಉಕ್ಕಿನ ಸೂಜಿ ಹಾಕ್ಕೊಂಡು, ಸೊಂಡಿಲದಾಗ ತಲಿ ಇಟ್ಟು ಕುಂದರ್ತಾರ. ಗೊತ್ತಾದ್ರ ನೀವು ಬರೂದು ಬಿಡ್ತೀರಂತ, ಹೇಳಬ್ಯಾಡ ಅಂದಿದ್ರು."

ವಾದಿರಾಜ ಚಹಾ ಮುಟ್ಟಲಿಲ್ಲ. ಅವನಿಗೆ ಕನಿಕರ ಬರಬೇಕಾಗಿತ್ತು, ಬರಲಿಲ್ಲ. ಸಿಟ್ಟು ಬಂತು, ಮೈಯೆಲ್ಲ ಉರಿಯುವಂಥ ಸಿಟ್ಟು. ಕಿವಿ ಹೋದದ್ದಕ್ಕಲ್ಲ, ರಿಕಾರ್ಡು ಸವೆದದ್ದಕ್ಕೂ ಅಲ್ಲ. ದೀಪಾವಳಿಯ ದಿನದ ಆ ಕಣ್ಣೀರಿಗೆ. ನನಗೂ ಕೇಳಿಸಿತು ಎಂದಿದ್ದನಲ್ಲ! ಎರಡು ವರ್ಷದ ಎಲ್ಲ ವಾಹ್‌ಗಳೂ ವಾದಿರಾಜನ ಮುಖದಿಂದ ಕದ್ದು ವಾದಿರಾಜನಿಗೇ ದಾನ ಕೊಟ್ಟವು. ಊರವರ ಮುಖ ಓದುವ ವಕೀಲನ ಮುಖವನ್ನು ಒಬ್ಬ ಗಿರಣಿಯವನು ಕೂತಲ್ಲೇ ಓದಿ ಮುಗಿಸಿದ್ದ. ಜೊತೆಯಲ್ಲಿ ಕೇಳುತ್ತಿದ್ದೇನೆಂದು ತಿಳಿದಿದ್ದವನು ಅಷ್ಟು ದಿನವೂ ಒಬ್ಬನೇ ಕೇಳಿದ್ದ.

ಅವನು ರಿಕಾರ್ಡನ್ನು ಯಂತ್ರದಿಂದ ತೆಗೆದು ತನ್ನ ಕೈಚೀಲದಲ್ಲಿ ಧೋತರದ ನಡುವೆ ಇಟ್ಟುಕೊಂಡ. ಅದು ಎಂದೂ ಆ ಮನೆಯ ಪೆಟ್ಟಿಗೆ ಬಿಟ್ಟು ಹೋದದ್ದಿಲ್ಲ. ಗುರುಶಾಂತಮ್ಮ ಅದನ್ನು ನೋಡಿ, ಮುಟ್ಟದ ಚಹಾವನ್ನು ಒಳಗೆ ಒಯ್ದಳು.

ಬಸ್ಸು ಹೊಗೆ ಬಿಡುತ್ತ ನಿಂತಿತ್ತು. ವಿರೂಪಣ್ಣ ಚೀಲವನ್ನು ಗಮನಿಸದೆ ಕಿಟಕಿಯ ಪಕ್ಕದಲ್ಲಿ ಜಾಗ ಹಿಡಿದುಕೊಟ್ಟು, ಕೆಳಗಿಳಿದು, ಮುಂದಿನ ಅಮಾವಾಸ್ಯೆಗೆ ಬೇಗ ಬರಬೇಕೆಂದು ಗಟ್ಟಿಯಾಗಿ ಹೇಳಿದ.

ವಾದಿರಾಜ ಅವನ ಕಡೆಗೆ ತಿರುಗದೆ, ಎದುರಿನ ಸೀಟನ್ನೇ ನೋಡುತ್ತ ಹೇಳಿದ: "ಇನ್ನ ಬರಂಗಿಲ್ಲ ನಾ."

"ಆತ್ರಿ ರಾಯರ," ಎಂದ ವಿರೂಪಣ್ಣ. "ಮುಳ್ಳ ಕೆತ್ತಿ ಇಟ್ಟಿರ್ತೀನಿ."

ಬಸ್ಸು ಕೆಮ್ಮಿ ಹೊರಟಿತು. ನಾಳೆ ರಾತ್ರಿ ಗಿರಣಿ ನಿಂತ ಮೇಲೆ ವಿರೂಪಣ್ಣ ಸೂಜಿ ಹಿಡಿದುಕೊಂಡು ಬಂದು ಖಾಲಿ ಪೆಟ್ಟಿಗೆ ತೆರೆಯುತ್ತಾನೆಂದು ವಾದಿರಾಜನಿಗೆ ಗೊತ್ತಿತ್ತು. ಊರ ಹೊರಗಿನ ಏರಿನಲ್ಲಿ ಬಸ್ಸು ನಿಂತಿತು, ಜನ ದೂಡಲು ಇಳಿದರು. ವಾದಿರಾಜ ಚೀಲವನ್ನು ತೊಡೆಯ ಮೇಲೆ ಬಿಗಿಯಾಗಿ ಹಿಡಿದುಕೊಂಡು ಅಲ್ಲಿಯೇ ಕುಳಿತಿದ್ದ. ಮಾನವಿ ಇನ್ನೂ ಹಿಂದೆಯೇ ಕಾಣುತ್ತಿತ್ತು. ಅವನು ಇಳಿಯಲಿಲ್ಲ.