ತಾಳ ತಪ್ಪಿದ ಓದು

ರೈಲು ನಿಲ್ದಾಣದ ಉದ್ಘೋಷಕಿ ಮನೆ ಸೇರುವಷ್ಟರಲ್ಲಿ ಗಂಟಲು ಒಣಗಿ, ಕಾಲುಗಳು ಸೋತುಹೋಗಿರುತ್ತಿದ್ದವು. ರೈಲು ಬರುವುದನ್ನೂ ತಡವಾಗುವುದನ್ನೂ ದಿನವಿಡೀ ಒಂದೇ ದನಿಯಲ್ಲಿ ಹೇಳುವುದು ಅವಳ ಕೆಲಸ. ಆ ದನಿಯನ್ನು ಗಂಡ ಛೇಡಿಸುತ್ತಿದ್ದ ಕಾಲವೊಂದಿತ್ತು. ಹೋಟೆಲಿನ ಜಾಝ್ ತಂಡದಲ್ಲಿ ಡ್ರಮ್ಸ್ ಬಾರಿಸುತ್ತಿದ್ದ ಅವನು ಮಹಾ ತಕರಾರಿನ ಆಸಾಮಿ. ಲೋಟ ಕೆಳಗಿಟ್ಟ ಸದ್ದಿನಲ್ಲೂ ತಪ್ಪು ಹುಡುಕುತ್ತಿದ್ದ.

ಲಕ್ವ ಹೊಡೆದು ಬಲಗೈ ಬಿದ್ದ ಮೇಲೆ ಆ ಮನುಷ್ಯ ಎಲ್ಲದಕ್ಕೂ 'ಆಗಲಿ' ಎನ್ನತೊಡಗಿದ. ಅಡುಗೆಗೆ ಉಪ್ಪು ಮರೆತರೂ ಆಗಲಿ, ಕಿಟಕಿ ಮುಚ್ಚಿದರೂ ಆಗಲಿ. ಎಷ್ಟು ಸಾಧುವಾದನಪ್ಪ ಎಂದು ನೆಂಟರು ಮೆಚ್ಚಿದರು. ಅವಳಿಗೆ ಮಾತ್ರ ಬೇಕಾಗಿದ್ದವನು ಆ ಜಗಳಗಂಟ ಗಂಡ. ಈ ಸಾಧು ಯಾರೋ ಬೇರೆಯವನು.

ಒಂದು ಸಂಜೆ ತಂಡದ ಹಳೆಯ ಟ್ರಂಪೆಟ್‌ನವನು ಬಂದು ಕವನ ಸಂಕಲನವೊಂದನ್ನು ಕೊಟ್ಟ. "ಜಾಝ್ ಕೇಳ್ತಾ ಬರೆದಿರೋ ಪದ್ಯಗಳಂತೆ ಅತ್ತಿಗೆ. ಅವನಿಗೆ ಓದಿ ಹೇಳಿ" ಎಂದು ಹೊರಟುಹೋದ. ಶಾಲೆ ಬಿಟ್ಟ ಮೇಲೆ ಅವಳು ಪದ್ಯ ಮುಟ್ಟಿದವಳಲ್ಲ. ನಿಂತಲ್ಲೇ ಕುಸಿಯುವಷ್ಟು ಸುಸ್ತಿದ್ದರೂ ಮಂಚದ ಪಕ್ಕ ಕೂತು ಪುಸ್ತಕ ತೆರೆದಳು.

ಮೊದಲ ಪದ್ಯಕ್ಕೇ ತಲೆ ಕೆಟ್ಟಿತು. ಸಾಲುಗಳು ಪುಟದ ತುಂಬ ಚೆಲ್ಲಾಪಿಲ್ಲಿ. 'ಬಾಗಿಲು ತೆಗೆ' ಎಂಬುದು ಮತ್ತೆ ಮತ್ತೆ ಬಂದು, ಕೊನೆಯದು ಅರ್ಧಕ್ಕೇ ತುಂಡಾಗಿ, ಮುಂದೆ ಬರೀ ಖಾಲಿ ಜಾಗ. ಅಚ್ಚಿನವರ ಅವಾಂತರ ಎಂದುಕೊಂಡಳು. ಗೀಚಿ ಕೊಟ್ಟ ಚೀಟಿಗಳನ್ನು ಸರಿಪಡಿಸಿ ಓದುವುದು ಅವಳಿಗೆ ನಿಲ್ದಾಣದಲ್ಲಿ ರೂಢಿಯಾಗಿತ್ತು. ಹಾಗೆಯೇ ಮತ್ತೆ ಬಂದ ಮಾತನ್ನೂ ಖಾಲಿ ಜಾಗವನ್ನೂ ಹಾರಿಸಿ, ಕೆಳಗಿನ ಸಾಲು ಸೇರಿಸಿ, "ಬಾಗಿಲು ತೆಗೆ, ನನ್ನ ಹಾಡು ಹೊರಗೆ ನಿಂತಿದೆ" ಎಂದು ರೈಲು ಬಂದ ಸುದ್ದಿ ಹೇಳುವಂತೆ ಓದಿಬಿಟ್ಟಳು.

"ತಪ್ಪು" ಎಂದ ಗಂಡ.

ಅವಳು ತಲೆಯೆತ್ತಿದಳು.

"ಏನೋ ನುಂಗಿದೆ ನೀನು. ಅಲ್ಲಿ ತಾಳದ ಪೆಟ್ಟು ಕಮ್ಮಿ ಬಿತ್ತು." ಎಡಗೈ ಬೆರಳುಗಳು ಮಂಚದ ಪಟ್ಟಿಯನ್ನು ಕುಟ್ಟಿದವು. "ಬರೆದ ಹಾಗೆ ಓದು. ಖಾಲಿ ಇದ್ರೆ ಸುಮ್ನಿರು. ಅಷ್ಟೂ ಬರಲ್ವಾ ನಿಂಗೆ?"

"ತುಂಬಾ ಸುಸ್ತಾಗಿದೆ ರೀ. ನಾಳೆ ಓದ್ಲಾ?"

"ನಾಳೆ ಗೀಳೆ ಬೇಡ. ಈಗ್ಲೇ ಓದು."

ಅವಳ ಕಣ್ಣು ತುಂಬಿ ಅಕ್ಷರಗಳು ಮಸುಕಾದವು. ಒರೆಸಿಕೊಂಡು, ಇದ್ದದ್ದನ್ನು ಇದ್ದ ಹಾಗೆಯೇ ಓದಿದಳು. ಖಾಲಿ ಜಾಗದಲ್ಲಿ ನಿಂತಾಗ ಅವನ ಬೆರಳುಗಳು ಆ ಮೌನ ತುಂಬಿದವು. ಪದ್ಯ ಮುಗಿದಾಗ ಅವನು "ಹೂಂ" ಎಂದು ಕಣ್ಣು ಮುಚ್ಚಿ ತೆಪ್ಪಗಾದ. ಮತ್ತೆ ಆ ಸಾಧುವೇ ಬಂದು ಮಲಗಿಬಿಟ್ಟನೇನೋ ಎಂದು ಅವಳಿಗೆ ದಿಗಿಲಾಯಿತು.

ಪುಟ ತಿರುವಿದಳು. ಎರಡನೆಯ ಪದ್ಯದ ಮೊದಲ ಸಾಲಲ್ಲೇ ಒಂದು ಪದ ಎರಡು ಸಲ ಬಂದಿತ್ತು. ಈ ಸಲ ಅದು ಅಚ್ಚಿನ ತಪ್ಪಲ್ಲವೆಂದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಬೇಕೆಂದೇ ಒಂದನ್ನು ನುಂಗಿ ಓದಿ, ಬೈಗುಳಕ್ಕಾಗಿ ಅವನ ಮುಖ ನೋಡುತ್ತ ಕಾದಳು.