ತಿಂಗಳಿಡೀ ಹಸಿರು

ಅತ್ತೆ ಮೆಟಿಲ್ಡಾಳ ಬೆನ್ನಿನಲ್ಲಿ ಹುಣ್ಣು ಕಂಡ ದಿನವೇ ಬೆಟ್ಟಿ ನೈಟ್ ಡ್ಯೂಟಿ ಬಿಡಿಸಿಕೊಳ್ಳಲು ಎಚ್‌ಆರ್ ನಿರಂಜನನ ಕೋಣೆಗೆ ಹೋದಳು. ಪಾರ್ಶ್ವವಾಯು ಬಡಿದು ಮಲಗಿದ ಮುದುಕಿಯ ಮಗ್ಗುಲು ಬದಲಿಸಲು ಹಗಲಿನಲ್ಲಿ ಪಕ್ಕದ ಫ್ಲ್ಯಾಟಿನ ಹಲೀಮ ಬರುತ್ತಾಳೆ. ರಾತ್ರಿ ಯಾರೂ ಇಲ್ಲ. ಗಂಡ ಲೆಸ್ಟರ್ ಅಬುಧಾಬಿಯ ಬಂದರಿನಲ್ಲಿ. ರಜೆಗೆ ಮಾತ್ರ ಕುಸೈಸಿನ ಈ ಮನೆಗೆ ಬರುವವನು. ರಾತ್ರಿಯಿಡೀ ಬೆಟ್ಟಿ ದೇರಾದ ಹೋಟೆಲಿನಲ್ಲಿ ಫೋನೆತ್ತಿ, ಯಾರ್ಯಾರಿಗೋ ದಿಂಬು ಮೆತ್ತಗಿದೆಯೇ ಎಂದು ವಿಚಾರಿಸುತ್ತಿರುತ್ತಾಳೆ.

"ಬನ್ನಿ ಬಾಯಮ್ಮ," ಎಂದ ನಿರಂಜನ, ಉಡುಪಿ ಕಡೆಯವನು, ಕ್ರೈಸ್ತ ಹೆಂಗಸರನ್ನು ಊರಿನ ಹಾಗೆಯೇ ಕರೆಯುವವನು. "ಆ್ಯಪಿನಲ್ಲಿ ನಿಮ್ಮದು ತಿಂಗಳಿಡೀ ಹಸಿರೇ ಉಂಟಲ್ಲ ಮಾರಾಯ್ರೆ! ಇಡೀ ಹೋಟೆಲಿಗೇ ಫಸ್ಟ್."

ಮನೆಯಲ್ಲಿ ರೋಗಿಗಳಿರುವ ನೌಕರರಿಗೆ ಕಂಪನಿ ರಜೆಯ ಬದಲು ಕೊಟ್ಟ ಕೃತಕ ಬುದ್ಧಿಮತ್ತೆಯ ಆ್ಯಪ್ ಅದು. ಮಾತ್ರೆಯ ಹೊತ್ತು ನೆನಪಿಸುತ್ತದೆ, ಡಾಕ್ಟರರನ್ನು ಏನು ಕೇಳಬೇಕೆಂದು ಬರೆದುಕೊಡುತ್ತದೆ. ಸುಳ್ಳು ಹೇಳಬಾರದು, ಉಪಕಾರವೇ. ಡ್ಯೂಟಿ ಮುಗಿದೊಡನೆ 'ಹೇಗಿದ್ದೀರಿ?' ಎಂದು ಕೇಳಿ, ಉತ್ತರ ನೋಡಿ ಹೆಸರಿನ ಮುಂದೆ ಬಣ್ಣದ ವೃತ್ತ ಹಾಕುತ್ತದೆ: ಹುಷಾರಿದ್ದರೆ ಹಸಿರು, ಕಷ್ಟವಿದ್ದರೆ ಕೆಂಪು. ಬೆಟ್ಟಿ ಪ್ರತಿಸಲವೂ 'ಹುಷಾರಿದ್ದೇನೆ' ಎಂದೇ ಒತ್ತಿದ್ದಳು. ಊರಿನ ಫೋನಿಗೆ, ಚರ್ಚಿನ ಅಂಗಳದಲ್ಲಿ, ಮೇಲಿನವರ ಮುಂದೆ ಗಲ್ಫಿನವರೆಲ್ಲ ಹೇಳುವುದು ಅದನ್ನೇ ಅಲ್ಲವೇ? ಆಗುವುದಿಲ್ಲ ಎಂದವರ ವೀಸಾ ರಿನ್ಯೂ ಆಗುವ ಭರವಸೆ ಯಾರಿಗಿದೆ?

"ಹಸಿರಿದ್ದವರಿಗೆ ಶಿಫ್ಟ್ ಬದಲಾಯಿಸ್ಲಿಕ್ಕೆ ರೂಲ್ ಇಲ್ಲ. ಕಷ್ಟ ಇದ್ರೆ ಆ್ಯಪಿಗೆ ಹೇಳ್ಬೇಕಿತ್ತು."

"ನಿಮ್ಗೆ ಹೇಳ್ತಾ ಇದ್ದೇನಲ್ಲ ಸರ್, ಬಾಯಿಂದ."

"ಬಾಯಿಮಾತಿಗೆ ಮೇಲಿನವರು ಸೈನ್ ಹಾಕ್ತಾರಾ? ಖಲಾಸ್, ಮುಂದಿನ ತಿಂಗಳು ನೋಡುವ."

ಮುಂದಿನ ತಿಂಗಳಿಗೆ ಹುಣ್ಣು ಎಲುಬು ಮುಟ್ಟುತ್ತದೆ. ಬೆಟ್ಟಿ ಎದ್ದು ಹೋಗಲಿಲ್ಲ. ಕೂತಲ್ಲೇ ಫೋನ್ ತೆಗೆದು ಆ್ಯಪಿನಲ್ಲಿ ಬರೆದಳು: 'ನನ್ನಿಂದ ಆಗುವುದಿಲ್ಲ. ನಾನಿಲ್ಲಿ ಎಚ್ಚರ ಕೂತಿರುವಾಗ ಅತ್ತೆ ಅಲ್ಲಿ ಕೊಳೆಯುತ್ತಿದ್ದಾರೆ. ನೈಟ್ ಡ್ಯೂಟಿ ಬಿಡಿಸಿ.'

ವೃತ್ತ ಕೆಂಪಾಯಿತು. ಹೇಳಿದ್ದಕ್ಕೆ ಧನ್ಯವಾದ, ನಿಮ್ಮ ಮಾತನ್ನು ಈಗಲೇ ಎಚ್‌ಆರ್‌ಗೆ ತಲುಪಿಸುತ್ತೇನೆ ಎಂದಿತು ಯಂತ್ರ. ಹೇಳಿದ ಹಾಗೆ ಮಾಡಿತು ಕೂಡ. ಮೇಜಿನ ಮೇಲಿದ್ದ ನಿರಂಜನನ ಮೊಬೈಲ್ ಗುಂಯ್‌ಗುಟ್ಟಿತು. ಅವನು ಇಣುಕಿ ಓದಿದ, ಅವಳ ಮುಖ ನೋಡಿದ, ಮೊಬೈಲನ್ನು ಮೆಲ್ಲಗೆ ಕವುಚಿ ಹಾಕಿದ.

ಬೆಟ್ಟಿ ಕೈಚಾಚಿ ಅದನ್ನು ಅಂಗಾತ ಮಾಡಿದಳು.

"ಗಟ್ಟಿಯಾಗಿ ಓದಿ ಸರ್. ಇವತ್ತು ರಾತ್ರಿ ನಾನು ಮನೆಯಲ್ಲೇ ಇರ್ತೇನೆ. ಅದನ್ನೂ ಬರೆದು ಕಳಿಸ್ಲಾ?"